ಯಾದಿಯಿಂದ ತೆಗೆದ ಹೆಸರು

ಅಥವಾ ಹೆಸರುಗಳನ್ನು ಓದುತ್ತಿದ್ದವರು ಕಾಕಾ ಅಲ್ಲ, ನಾನೇ ಇರಬೇಕು. ಇಷ್ಟು ವರ್ಷ ನನ್ನ ತಲೆಯಲ್ಲಿ ಕೂತಿರುವ ಚಿತ್ರದಲ್ಲಿ ಅವರು ಕಿಟಕಿಯ ಪಕ್ಕ ಕುಳಿತಿದ್ದಾರೆ. ಮೊಣಕಾಲ ಮೇಲೆ ಉದ್ದನೆಯ ಹಳೆಯ ಲೆಕ್ಕದ ವಹಿ. ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿ, ಓದಿದ ಮೇಲೆ ಒಂದು ಕ್ಷಣ ಸುಮ್ಮನಿರುತ್ತಾರೆ, ಆ ಹೆಸರಿನವನು ಎಲ್ಲಿಂದಲೋ ಓಗೊಡಬೇಕು ಎನ್ನುವ ಹಾಗೆ. ಆದರೆ ನಾನು ಅವರನ್ನು ನೋಡುವ ಕಾಲಕ್ಕಾಗಲೇ ಅವರ ಕಣ್ಣಿಗೆ ಪೊರೆ ಬಂದಿತ್ತು. ಕೈಬರಹ ಅವರಿಗೆ ಕಾಣುತ್ತಿರಲಿಲ್ಲ. ಹಾಗಾದರೆ ಓದುತ್ತಿದ್ದ ದನಿ ನನ್ನದು. ಸುಮ್ಮನಿರುತ್ತಿದ್ದದ್ದು ಮಾತ್ರ ಅವರದು.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಅಂದಿನಿಂದ ಅವರ ಬಗ್ಗೆ ನಾಲ್ಕು ಪುಟ ಬರೆಯಲು ನೋಡುತ್ತಿದ್ದೇನೆ. ಬರೆದ ಪ್ರತಿ ಸಾಲೂ ಬೇಕಾದ್ದಕ್ಕಿಂತ ಚೊಕ್ಕಟವಾಗಿ ಬಂದು ನನಗೇ ಅನುಮಾನ ಹುಟ್ಟಿಸುತ್ತದೆ. ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಯಾವ ಯಾದಿಯಲ್ಲೂ ಬರದ ಹಾಗೆ ಅವರೇ ನೋಡಿಕೊಳ್ಳುತ್ತಿದ್ದರು. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅವರಿಗೊಬ್ಬ ತಮ್ಮನಿದ್ದ, ಕಾಣೆಯಾಗಿದ್ದ. ಅವನು ಬದುಕಿದ್ದಾನೋ ಇಲ್ಲವೋ ಎಂಬುದೊಂದೇ ಅವರಿಗೆ ಬೇಕಾಗಿದ್ದ ಸುದ್ದಿ. ಆ ಸುದ್ದಿ ಬರಬಹುದಾಗಿದ್ದ ದಾರಿಗೆ ಅಡ್ಡ ನಿಂತವನು ನಾನೋ ಅಲ್ಲವೋ, ಅದನ್ನು ಬರೆಯದೆ ಉಳಿದದ್ದನ್ನು ಮಾತ್ರ ಬರೆದರೆ ಅದು ಅವರ ಚಿತ್ರವಾಗುವುದಿಲ್ಲ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ರಾಣೆಬೆನ್ನೂರಿನಲ್ಲಿ ಒಂದು ಸಣ್ಣ ಬೀಜದ ಕಂಪನಿ. ಕೆಳಗೆ ಗೋದಾಮು, ಮೇಲೆ ಎರಡು ಕೋಣೆ. ಬೆಂಡಿ, ಟೊಮೆಟೊ, ಮೆಣಸಿನಕಾಯಿ ಬೀಜಗಳನ್ನು ಪೊಟ್ಟಣ ಕಟ್ಟಿ ಮಾರುತ್ತಿದ್ದರು. ದೊಡ್ಡ ಕಂಪನಿಗಳ ಹಾಗೆ ಊರೂರಿನ ಗೋಡೆಗಳಿಗೆ ಬಣ್ಣ ಬಳಿಸುವ ತಾಕತ್ತು ನಮ್ಮ ಸಾವ್ಕಾರರಿಗೆ ಇರಲಿಲ್ಲ. ಅದಕ್ಕೇ ಅಂಚೆ. ಬಿತ್ತನೆಗೆ ಮೊದಲು ರೈತರ ಮನೆಗೆ ಅವರವರ ಹೆಸರು ಹಾಕಿದ ಒಂದು ಕಾಗದ ಹೋಗುತ್ತಿತ್ತು, ಒಳಗೆ ಒಂದು ಜವಾಬು ಕಾರ್ಡು. ಹೆಸರು, ಊರು, ಬೆಳೆ, ನೀರಿನ ಅನುಕೂಲ ಇಷ್ಟು ತುಂಬಿ ಅಂಚೆ ಡಬ್ಬಿಗೆ ಹಾಕಿದರೆ ಸಾಕು, ಟಿಕೀಟು ಬೇಡ; ಒಂದು ಸಣ್ಣ ಪೊಟ್ಟಣ ಬೀಜ ಪುಕ್ಕಟೆ. ಅಂಥವೇ ಕಾರ್ಡುಗಳನ್ನು ಗೊಬ್ಬರದ ಅಂಗಡಿಗಳಲ್ಲೂ ಇಟ್ಟಿರುತ್ತಿದ್ದೆವು. ಕಾಗದ ಯಾರಿಗೆ ಹೋಗಬೇಕು, ಯಾರಿಗೆ ಹೋಗಬಾರದು ಎಂದು ಆರಿಸುವುದು ಕಾಕಾರ ಕೆಲಸ. ಆರಿಸಿದ ಹೆಸರುಗಳನ್ನು ಕಂಪ್ಯೂಟರಿಗೆ ಹಾಕಿ ವಿಳಾಸದ ಚೀಟಿ ತೆಗೆಯುವುದು ನನ್ನ ಕೆಲಸ.

ನಾನು ಹಾವೇರಿಯಿಂದ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಬರುತ್ತಿದ್ದೆ. ಅವರು ಬ್ಯಾಡಗಿಯಲ್ಲಿ ಹತ್ತುತ್ತಿದ್ದರು. ಕಣ್ಣು ಮುಚ್ಚಿಕೊಂಡಿದ್ದರೂ ಅವರು ಹತ್ತಿದ್ದು ತಿಳಿಯುತ್ತಿತ್ತು, ಡಬ್ಬಿಯಲ್ಲಿ ಯಾರಾದರೊಬ್ಬರು ಸೀನುತ್ತಿದ್ದರು. ವರ್ಷಗಟ್ಟಲೆ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಅಂಗಿ ಎಷ್ಟು ಒಗೆದರೂ ಆ ಘಾಟು ಬಿಟ್ಟಿರಲಿಲ್ಲ.

"ಯಾಕಪಾ, ಥಂಡಿ ಆಗೈತೇನು?" ಎಂದು ಸೀನಿದವನನ್ನೇ ಮಾತಿಗೆ ಎಳೆಯುತ್ತಿದ್ದರು. ರಾಣೆಬೆನ್ನೂರು ಬರುವಷ್ಟರಲ್ಲಿ ಅವನ ಊರು, ಮನೆತನ, ಹೊಲ, ಹೋದ ವರ್ಷದ ಬೆಳೆ ಎಲ್ಲ ಹೊರಗೆ ಬಂದಿರುತ್ತಿತ್ತು. ಇಳಿಯುವಾಗ ನನಗೆ ಹೇಳುತ್ತಿದ್ದರು: "ಬರಕೋ ತಮ್ಮಾ. ಈ ಮನಷ್ಯಾ ಹ್ವಾದ ವರ್ಷ ಬೆಂಡಿ ಹಾಕಿದ್ದಾ. ಹುಳ ಹತ್ತಿ ಹೋಗೈತಿ. ಸಿಟ್ಟಿನ್ಯಾಗ ಅದಾನ. ಸಿಟ್ಟಿನ್ಯಾಗ ಇದ್ದಾವ ಕಾಗದ ಪೂರ್ತಿ ಓದ್ತಾನ."

ಒಮ್ಮೆ ಸಾವ್ಕಾರರು ಎಲ್ಲಿಂದಲೋ ಇಡೀ ತಾಲೂಕಿನ ಮತದಾರರ ಪಟ್ಟಿ ತಂದು ಮೇಜಿನ ಮೇಲೆ ಇಟ್ಟರು. ಕಾಕಾ ಅದನ್ನು ಎರಡೂ ಕೈಯಲ್ಲಿ ಎತ್ತಿ, ತೂಗಿ, ಕೆಳಗಿಟ್ಟರು.

"ಇದು ಊರ್ರಿ ಸಾವ್ಕಾರ್ರ. ಊರಿಗೆ ಕಾಗದ ಬರದ್ರ ಯಾರೂ ಒಡದು ಓದಂಗಿಲ್ಲ."

"ಹಂಗಾರ ಯಾರಿಗೆ ಬರ್ಯೋದು?"

"ಒಮ್ಮೆರ ತನ್ನ ಕೈಲೇ ಬೀಜ ಕೊಂಡಾವಗ. ಹ್ವಾದ ವರ್ಷ ಕೊಂಡಾವಗ ಮೊದಲ, ಅದರ ಹಿಂದಿನ ವರ್ಷ ಕೊಂಡಾವಗ ಆಮ್ಯಾಲೆ. ಪುಕ್ಕಟೆ ಕ್ಯಾಲೆಂಡರ್ ಇಸಕೊಂಡು ಹ್ವಾದಾವಗ ಬ್ಯಾಡ್ರಿ. ಅವಂಗ ಗ್ವಾಡಿ ಐತಿ, ಹೊಲ ಇಲ್ಲ."

ಗೊಬ್ಬರದ ಅಂಗಡಿಗಳ ಬಿಲ್ ಪುಸ್ತಕ, ಸೊಸೈಟಿಯ ಸದಸ್ಯರ ಪಟ್ಟಿ, ಬ್ಯಾಡಗಿಯ ಹಳೆಯ ವಹಿಗಳು, ಇವು ಅವರ ಆಸ್ತಿ. ಯಾವ ಯಾದಿಯನ್ನೂ ಪೂರ್ತಿ ನಂಬುತ್ತಿರಲಿಲ್ಲ. ಮೊದಲು ಅದರಿಂದ ನೂರು ಹೆಸರು ಎತ್ತಿ ಕಾಗದ ಹಾಕಿಸಿ, ಎಷ್ಟು ಕಾರ್ಡು ತಿರುಗಿ ಬಂದವು ನೋಡಿ, ಆಮೇಲೆ ಉಳಿದವರಿಗೆ. ಜವಾಬು ಬರೆದವರ ಹೆಸರು ಮುಂದಿನ ವರ್ಷದ ಯಾದಿಯಲ್ಲಿ ಎಲ್ಲರಿಗಿಂತ ಮೊದಲು ಬರುತ್ತಿತ್ತು.

ಆದರೆ ಆರಿಸುವುದೆಂದರೆ ಸೇರಿಸುವುದಲ್ಲ, ತೆಗೆಯುವುದು ಎನ್ನುತ್ತಿದ್ದರು. ಮುಖ್ಯವಾಗಿ ಸತ್ತವರನ್ನು.

ಅದಕ್ಕೆ ಕಾರಣವಾದ ಘಟನೆ ನಾನು ಕೆಲಸಕ್ಕೆ ಸೇರುವ ಮೊದಲೇ ನಡೆದದ್ದು. ಆದರೂ ಕಣ್ಣಾರೆ ಕಂಡ ಹಾಗೆ ನೆನಪಿದೆ. ಅಂದು ಬಂದಿದ್ದ ಒಬ್ಬ ಮುದುಕಿಯ ಸೆರಗಿನ ಬಣ್ಣ ಸಹಿತ. ನೆನಪು ಎಂಬುದು ಇಷ್ಟು ಸಲೀಸಾಗಿ ಕಳ್ಳತನ ಮಾಡುತ್ತದೆ ಎಂದು ನನಗೆ ಮೊದಲು ತಿಳಿದದ್ದು ಇದರಿಂದಲೇ. ದೇವರಗುಡ್ಡದ ಕಡೆಯ ಒಂದು ಹಳ್ಳಿಯಿಂದ ಅವಳು ನಮ್ಮ ಕಾಗದವನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದಳಂತೆ. ಕಾಗದದ ಮೊದಲ ಸಾಲನ್ನು ಕಾಕಾರೇ ಬರೆಸಿದ್ದರು: 'ಮೊನ್ನೆ ನಿಮ್ಮ ಹೊಲದ ಬದುವಿನ ಮೇಲೆ ನಿಂತು ಮಾತಾಡಿದಷ್ಟೇ ಸಲುಗೆಯಿಂದ ಇದನ್ನು ಬರೆಯುತ್ತಿದ್ದೇವೆ.' ಕಾಗದ ಹೋದದ್ದು ಅವಳ ಗಂಡನ ಹೆಸರಿಗೆ. ಅವನು ಸತ್ತು ಎರಡು ವರ್ಷವಾಗಿತ್ತು. ಮೊಮ್ಮಗಳ ಕೈಯಲ್ಲಿ ಓದಿಸಿಕೊಂಡು ಬಂದಿದ್ದಳು.

"ಎಲ್ಲಿ ಭೆಟ್ಟಿ ಆಗಿದ್ರಿ?" ಎಂದಳು.

"ಯಾರನ್ನಬೇ?"

"ಇವರನ್ನ. ಬದುವಿನ ಮ್ಯಾಲೆ ನಿಂತು ಮಾತಾಡೀವಿ ಅಂತ ಬರದೀರಲ್ಲ. ಯಾವ ಬದುವು? ಹಳ್ಳದ ಕಡೀದೋ, ದಾರಿ ಕಡೀದೋ?"

"ಅದು ಎಲ್ಲಾರಿಗೂ ಹಂಗ ಬರೀತೀವಬೇ."

"ಬರೀರಿ, ಎಲ್ಲಾರಿಗೂ ಬರೀರಿ. ಇವರು ಏನಂದ್ರು, ಅಷ್ಟ ಹೇಳ್ರಿ ನನಗ."

ಕಾಕಾ ಏನೋ ಒಂದು ಹೇಳಿ ಕಳಿಸಿದರು. ಏನು ಹೇಳಿದರೆಂದು ನನಗೆ ಎಂದೂ ಹೇಳಲಿಲ್ಲ.

ಆಮೇಲೆ ಅವರು ಸತ್ತವರನ್ನು ಹುಡುಕತೊಡಗಿದರು. ಸಂತೆಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಿನ ಚೀಲಗಳ ನಡುವೆ ಓಡಾಡುತ್ತ ಕೇಳಿಕೊಂಡು ಬರುತ್ತಿದ್ದರು. ನಾನು ಹೆಸರು ಓದುತ್ತ ಹೋದಂತೆ ಒಂದು ಹೆಸರಿಗೆ "ತಗೀ" ಎನ್ನುತ್ತಿದ್ದರು. ನಾನು ಆ ಹೆಸರಿಗೆ ಗೆರೆ ಎಳೆದು, ಬೇರೆ ಚೀಟಿಯ ಮೇಲೆ ಬರೆದು ಕೊಡಬೇಕು. ಚೀಟಿಯನ್ನು ಅವರು ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ಹಾಕುತ್ತಿದ್ದರು. ಹರಿದು ಒಗೆಯಬಾರದು. ಮಾನೌಮಿ ಅಮಾವಾಸ್ಯೆ, ಮನೆಯಲ್ಲಿ ಹಿರಿಯರಿಗೆ ಎಡೆ ಹಿಡಿಯುವ ದಿನ, ಆಫೀಸಿಗೆ ಬಂದು ಆ ಡಬ್ಬಿಯ ಮುಂದೆ ಒಂದು ಊದಿನಕಡ್ಡಿ ಹಚ್ಚಿ ಹೋಗುತ್ತಿದ್ದರು.

ಕೆಳಗೆ ಪೊಟ್ಟಣ ಕಟ್ಟುವ ಹೆಣ್ಣುಮಕ್ಕಳಲ್ಲಿ ಒಬ್ಬಳು ಬಾಯಿ ಜೋರು. "ಕಾಕಾ, ನಮ್ಮ ಅತ್ತೀದೊಂದು ಚೀಟಿ ಬರದು ಡಬ್ಬ್ಯಾಗ ಒಗೀರಲ್ಲ. ಇನ್ನೂ ಜೀವ ಐತಿ, ಆದ್ರೂ ನಡೀತೈತಿ" ಎಂದಳು. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಡಬ್ಬಿಯ ಮುಚ್ಚಳ ಒತ್ತಿ ಮತ್ತೊಮ್ಮೆ ಬಿಗಿ ಮಾಡಿದರು.

ಆ ಹೆಸರು ಬಂದದ್ದು ಬ್ಯಾಡಗಿಯ ಒಂದು ವಹಿಯಲ್ಲಿ. ನಾನು ಓದಿದೆ: ಹೆಸರು, ಅಡ್ಡಹೆಸರು, ಊರು. ಅವರು ಸುಮ್ಮನಾಗುವ ಆ ಕ್ಷಣ ಬಂತು, ಹೋಯಿತು.

"ತಗೀ."

"ಇದು ನಿಮ್ಮ ಮನಿ ಅಡ್ಡಹೆಸರಲ್ರಿ ಕಾಕಾ? ಊರೂ ನಿಮ್ದ."

"ಹೂಂ. ತಮ್ಮ."

"ತೀರಿಕೊಂಡಾರನ್ರಿ?"

"ತಗೀ ಅಂದೆ."

ಕಥೆ ಆಮೇಲೆ ಗಾಡಿಯಲ್ಲಿ ತುಂಡು ತುಂಡಾಗಿ ಬಂತು. ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಹೊಲಕ್ಕೆ ಹೋದ ತಮ್ಮ ತಿರುಗಿ ಬರಲಿಲ್ಲ. ಸೈಕಲ್ಲು ಬಾವಿಯ ಪಕ್ಕದ ಬೇವಿನ ಮರಕ್ಕೆ ಆನಿಸಿತ್ತು. ಅದಕ್ಕೆ ಕೀಲಿ ಹಾಕಿತ್ತು. "ಸಾಯಾಕ ಹೊಂಟಾವ ಸೈಕಲ್ಲಿಗೆ ಕೀಲಿ ಹಾಕ್ತಾನನು?" ಎಂದರು ಒಂದು ದಿನ. ಇನ್ನೊಂದು ದಿನ, ನಾನು ಕೇಳದಿದ್ದರೂ, "ಊರು ಬಿಟ್ಟು ಹೋಗಾವ ಸೈಕಲ್ಲು ಬಿಟ್ಟು ಹೋಗ್ತಾನನು?" ಎಂದರು. ಎಂಜಿನ್ ಇಟ್ಟು ಎರಡು ದಿನ ಬಾವಿಯ ನೀರು ಹೊರಗೆ ಹಾಕಿಸಿದ್ದರು. ಸೆಲೆ ದೊಡ್ಡದು, ನೀರು ಪೂರ್ತಿ ಇಳಿಯಲಿಲ್ಲ. ತಳದ ಹೂಳು ಕಾಣಲಿಲ್ಲ. ಏನೂ ಸಿಗಲಿಲ್ಲ. ಆಮೇಲೆ ತಮ್ಮನ ಹೆಂಡತಿ ದಿನವೂ ಹೋಗಿ ಬಾವಿಯ ದಂಡೆಯ ಮೇಲೆ ಕೂಡತೊಡಗಿದಳು. ಅವಳೂ ಎಲ್ಲಿ ಹಾರುತ್ತಾಳೋ ಎಂದು ಹೆದರಿ ಕಾಕಾ ಟ್ರ್ಯಾಕ್ಟರಿನಲ್ಲಿ ಮಣ್ಣು ತರಿಸಿ ಬಾವಿ ಮುಚ್ಚಿಸಿಬಿಟ್ಟರು. ಯಾರನ್ನೂ ಕೇಳಲಿಲ್ಲ. ತಮ್ಮ ಎಲ್ಲೋ ಬದುಕಿದ್ದಾನೋ, ಇಲ್ಲ ತಾವು ಅವನ ಮೇಲೆಯೇ ಮಣ್ಣು ಹಾಕಿಸಿದೆವೋ ಎಂಬುದು ಅಂದಿನಿಂದ ಅವರ ಜೊತೆಗೆ ಗಾಡಿ ಹತ್ತಿ ಇಳಿಯುತ್ತಿತ್ತು.

ಮನೆಯಲ್ಲಿ ಸತ್ತವರಿಗೆ ಮಾಡುವ ದಿನಕರ್ಮ ಮಾಡಿರಲಿಲ್ಲ. ತಮ್ಮನ ಹೆಂಡತಿ ಕುಂಕುಮ ಅಳಿಸಿರಲಿಲ್ಲ. ಹೊಲದ ಪಹಣಿ ಉತಾರದಲ್ಲಿ, ರೇಶನ್ ಕಾರ್ಡಿನಲ್ಲಿ ಅವನ ಹೆಸರು ಹಾಗೆಯೇ ಇತ್ತು. ತಮ್ಮ ಸತ್ತದ್ದು ನಮ್ಮ ಯಾದಿಯಲ್ಲಿ ಮಾತ್ರ.

ಮುಂದಿನ ಬಿತ್ತನೆಯ ಹೊತ್ತಿಗೆ ಸಾವ್ಕಾರರಿಗೆ ಅಂಚೆ ಬೇಸರವಾಗಿತ್ತು. "ಕಾಕಾ, ಕಾರ್ಡ ವರ್ಷಾ ವರ್ಷಾ ಕಮ್ಮಿ ಆಗಾಕತ್ತಾವ. ಈ ಸಲಾನೂ ಕಮ್ಮಿ ಬಂದ್ರ ಅಂಚಿ ಬಂದ್ ಮಾಡಿಬಿಡೂಣು. ನೀವೂ ಮನ್ಯಾಗ ಆರಾಮ ಇರ್ರಿ" ಎಂದರು.  ಆ ವಾರ ಕಾಕಾರಿಗೆ ಜ್ವರ ಬಂತು, ಕೆಲಸಕ್ಕೆ ಬರಲಿಲ್ಲ. ಕಾರ್ಡುಗಳು ಕಡಿಮೆಯೇ ಬರುತ್ತಿದ್ದವು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದಾಗ ನಾನು ಖಾಲಿ ಕಾರ್ಡುಗಳನ್ನು ತುಂಬತೊಡಗಿದೆ. ಬದುಕಿದ್ದವರ ಹೆಸರು ಹಾಕಿದರೆ ಅವರು ಎಂದಾದರೂ ಎದುರಿಗೆ ಬಂದು 'ನಾನು ಬರೆದಿಲ್ಲ' ಎಂದಾರು ಎಂದು ಹೆದರಿ, ತಗಡಿನ ಡಬ್ಬಿಯಿಂದ ಚೀಟಿಗಳನ್ನು ಎತ್ತಿಕೊಂಡೆ. ಅದು ನನ್ನ ಜಾಣತನ. ಎಡಗೈಯಲ್ಲಿ ಬರೆದೆ. ಬೆಳೆ, ನೀರಿನ ಅನುಕೂಲ ಇತ್ಯಾದಿಗಳನ್ನು ಬೇರೆ ರೈತರ ನಿಜವಾದ ಕಾರ್ಡುಗಳನ್ನು ನೋಡಿ ಬದಲಿಸಿ ಬದಲಿಸಿ ಹಾಕಿದೆ. ಬರೆದಾದ ಮೇಲೆ ಚೀಟಿಗಳನ್ನು ತಿರುಗಿ ಡಬ್ಬಿಗೆ ಹಾಕಿದೆ. ಸಂಜೆ ಗಾಡಿ ಇಳಿದು ಹಾವೇರಿ ಸ್ಟೇಶನ್ನಿನ ಕೆಂಪು ಡಬ್ಬಿಯಲ್ಲಿ ಕಾರ್ಡುಗಳನ್ನು ಹಾಕಿಬಿಟ್ಟೆ. ನಾಲ್ಕು ದಿನ ಹೀಗೆ ಮಾಡಿದೆ. ಎಷ್ಟು ಎಂದು ಎಣಿಸಲಿಲ್ಲ. ನಲವತ್ತರ ಸುಮಾರು ಇರಬಹುದು. ಸಾವ್ಕಾರರು ಖುಷಿಯಾದರು. ಅಂಚೆ ಉಳಿಯಿತು. ಕಾಕಾ ಉಳಿದರು.

ಜ್ವರ ಬಿಟ್ಟು ಬಂದ ದಿನ ಅವರು ಚಾದರ ಹೊದ್ದುಕೊಂಡೇ ಕಿಟಕಿಯ ಪಕ್ಕ ಕುಳಿತು, "ಬಂದ ಕಾರ್ಡ ತಾ. ಓದು" ಎಂದರು.

ಜವಾಬು ಬರೆದವರದ್ದೇ ಮುಂದಿನ ವರ್ಷದ ಮೊದಲ ಯಾದಿ. ಎರಡು ವರ್ಷ ಅವರ ಕೈಕೆಳಗೆ ಇದೇ ಕೆಲಸ ಮಾಡಿದ್ದ ನಾನು ಅದನ್ನೇ ಮರೆತಿದ್ದೆ. ಕಟ್ಟು ಬಿಚ್ಚಿದೆ. ನನ್ನ ಕಾರ್ಡುಗಳನ್ನು ಹಾರಿಸಿ ಓದಬಹುದು ಎಂದುಕೊಂಡೆ, ಆದರೆ ಬಾಯಿ ಕಣ್ಣಿಗಿಂತ ಮುಂದೆ ಓಡಿತು. ಒಂದು ಸತ್ತ ಹೆಸರು ಓದಿಬಿಟ್ಟೆ. ಅವರು ಕೈ ಎತ್ತಿದರು.

"ಇವ ತಗದಾವಲ್ಲ?"

"ಹೌದ್ರಿ."

"ಮುಂದ ಓದು."

ಮತ್ತೊಂದು. ಮತ್ತೆ ಒಂದು.  ಬೈಗುಳಕ್ಕೆ ಕಾಯುತ್ತಿದ್ದೆ. "ಉತಾರದಾಗ ಇನ್ನೂ ಅಪ್ಪನ ಹೆಸರ ಇರತೈತಿ," ಎಂದರು. "ಮಕ್ಕಳು ವಾರಸಾ ಮಾಡಿಸಿರಂಗಿಲ್ಲ. ಬೀಜ ಹೊಲಕ್ಕ ಬರೋದು. ಹೊಲ ಯಾರ ಹೆಸರಿಗೆ ಐತಿ, ಅವನ ಹೆಸರು ಬರದು ಹಾಕ್ತಾರ. ಅಂಗಡ್ಯಾಗಿನ ಕಾರ್ಡ ತಗೊಂಡು ಬರದಾರ." ನನಗಾಗಿ ಅವರೇ ಒಂದು ಸುಳ್ಳನ್ನು ಹೊಲಿದು ಕೊಟ್ಟ ಹಾಗಿತ್ತು. ಉಸಿರು ಬಿಟ್ಟು ಮುಂದಿನ ಕಾರ್ಡು ಎತ್ತಿಕೊಂಡೆ. ಹೆಸರು ಓದಿದೆ, ಅಡ್ಡಹೆಸರು ಓದಿದೆ. ನನ್ನ ದನಿ ನನ್ನ ಕಿವಿಗೆ ಬಿದ್ದ ಮೇಲೆಯೇ ಅದು ಯಾರ ಹೆಸರೆಂದು ನನಗೆ ತಿಳಿದದ್ದು.

ಇದನ್ನು ಇಲ್ಲಿ ನಿಲ್ಲಿಸಿ ಹೇಳಬೇಕು. ಆ ಕಾರ್ಡು ನಾನೇ ಬರೆದದ್ದಾಗಿದ್ದರೆ, ಅದನ್ನು ಓದುವಾಗ ನನಗೆ ಆಶ್ಚರ್ಯವಾಗಬೇಕಿತ್ತೆ?

"ಊರು?" ಎಂದರು.

"ಊರು ಬರದಿಲ್ರಿ."

"ನೀರು?"

"ಬಾವಿ ಮುಚ್ಚಿದೆ, ಅಂತ ಐತ್ರಿ."

"ಅಂಚಿ ಠಸ್ಸೆ ಯಾವ ಊರ್ದು?"

"ಹಾವೇರೀದು."

ಅವರು ಕೈ ಚಾಚಿ ಕಾರ್ಡು ಇಸಿದುಕೊಂಡು ಹೆಬ್ಬೆರಳಿನಿಂದ ಅಕ್ಷರಗಳ ಮೇಲೆ ಸವರಿದರು. "ಅವ ಹ್ವಾದ ಮ್ಯಾಲೆ ಬಾವಿ ಮುಚ್ಚಿಸಿದ್ದು ನಾನು," ಎಂದರು. "ಮುಚ್ಚೈತಿ ಅಂತ ಅವಂಗ ಹೆಂಗ ಗೊತ್ತಾತು?" ಕೆಳಗೆ ಗೋದಾಮಿನಲ್ಲಿ ಯಾರೋ ಚೀಲ ಎಳೆಯುತ್ತಿದ್ದ ಸದ್ದು. ಅದು ನಿಂತ ಮೇಲೆ ಅವರೇ ಹೇಳಿದರು: "ಹೊರಗ ನಿಂತು ನೋಡಿರಬೇಕು. ಇಲ್ಲಾ ಒಳಗಿಂದ."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಒಂದು. ಅದಕ್ಕಿಂತ ಹೆಚ್ಚಾಗಿ, ಏನು ಹೇಳಬೇಕೆಂದೇ ಗೊತ್ತಾಗಲಿಲ್ಲ.

ಅಂದು ಸಂಜೆ ಅವರು ಮನೆಯಲ್ಲಿ ತಮ್ಮನ ಹೆಂಡತಿಯನ್ನು, ಇಂಥದೊಂದು ಕಾರ್ಡು ನೀನೇನಾದರೂ ಬರೆಸಿದೆಯಾ ಎಂದು ಕೇಳಿದರು. ಕೇಳಿದ್ದೇ ಅವಳಿಗೆ ಸುದ್ದಿಯಾಯಿತು. ಬರೆಸಿಲ್ಲ ಎಂದಳು. ಮರುದಿನದಿಂದ, ಮೊದಲು ಬಾವಿ ಇದ್ದ ಜಾಗದಲ್ಲಿ ಹೋಗಿ ಕೂಡತೊಡಗಿದಳು.

ಕಾಕಾ ಬ್ಯಾಡಗಿಯಲ್ಲಿ ಇಳಿಯುವುದನ್ನು ಬಿಟ್ಟರು. ಸಂಜೆಯ ಗಾಡಿಯಲ್ಲಿ ನನ್ನ ಜೊತೆ ಹಾವೇರಿಯ ತನಕ ಬಂದು, ಸ್ಟೇಶನ್ನಿನ ಅಂಚೆ ಡಬ್ಬಿಯ ಎದುರಿನ ಬಾಕಿನ ಮೇಲೆ ಕುಳಿತು, "ನೀ ನಡಿ ತಮ್ಮಾ" ಎನ್ನುತ್ತಿದ್ದರು. ಮುಂದಿನ ಗಾಡಿಗೆ ತಿರುಗಿ ಹೋಗುತ್ತಿದ್ದರು. ಹದಿನೈದು ದಿನ ನಡೆಯಿತು. ಒಮ್ಮೆ ದೂರ ನಿಂತು ನೋಡಿದೆ. ಡಬ್ಬಿಯ ಹತ್ತಿರ ಬಂದವರ ಮುಖವನ್ನು ಅವರು ನೋಡುತ್ತಿರಲಿಲ್ಲ. ಮುಖ ಅವರಿಗೆ ಕಾಣುತ್ತಲೂ ಇರಲಿಲ್ಲವೇನೋ. ಕಾಗದ ಹಾಕುವ ಕೈಯನ್ನು ನೋಡುತ್ತಿದ್ದರು.

"ಹಾವೇರಿ ತನಕ ಬಂದು ಕಾರ್ಡ ಹಾಕಿ, ಬ್ಯಾಡಗಿಗೆ ಬರಲಾರದ ಹೋಗ್ಯಾನಂದ್ರ, ಎಷ್ಟು ಸಿಟ್ಟಿರಬೇಕು ಅವಂಗ" ಎಂದರು ಒಂದು ಸಂಜೆ. ಆಮೇಲೆ ನನ್ನ ಕಡೆ ತಿರುಗಿ, "ನೀ ದಿನಾ ಇಲ್ಲೇ ಹಾಯ್ದು ಹೋಗಾವ. ಈ ಡಬ್ಬೀಗೆ ಯಾರರ ಕಾರ್ಡ ಹಾಕೂದು ನೋಡೀಯೇನು?"

"ಇಲ್ರಿ."

"ಇಲ್ಲೇನು?"

"ಇಲ್ರಿ ಕಾಕಾ."

ಅವರು ಮತ್ತೆ ಡಬ್ಬಿಯ ಕಡೆ ತಿರುಗಿದರು. ಉಳಿದ ಸತ್ತವರ ಕಾರ್ಡುಗಳ ಮೇಲೂ ಹಾವೇರಿಯ ಅಂಚೆಮುದ್ರೆಯೇ ಇತ್ತು. ಅದನ್ನು ಅವರು ನನ್ನನ್ನು ಎಂದೂ ಕೇಳಲಿಲ್ಲ. ಬೇರೆ ಯಾರ ಕೈಯಲ್ಲಾದರೂ ಓದಿಸಿದ್ದರೋ ಏನೋ. ಓದಿಸಿದ್ದರೆ, ಆ ಬಾಕಿನ ಮೇಲೆ ಅವರು ಕಾಯುತ್ತಿದ್ದದ್ದು ತಮ್ಮನಿಗಾಗಿ ಅಲ್ಲ.

ಒಂದು ವಾರ ಅವರು ಕೆಲಸಕ್ಕೂ ಬರಲಿಲ್ಲ, ಗಾಡಿಗೂ ಬರಲಿಲ್ಲ. ಬಾಯಿ ಜೋರಿನ ಹೆಣ್ಣುಮಗಳು ಹೇಳಿದಳು: "ಕಾಕಾ ಆ ಬಾವಿ ಅಗಸಾಕತ್ಯಾರಂತ. ನಮ್ಮ ಅಣ್ಣಾನೂ ಆಳಾಗಿ ಹೋಗ್ಯಾನ."

ನಾನು ಬ್ಯಾಡಗಿಯಲ್ಲಿ ಇಳಿದು, ಬಸ್ಸು ಹಿಡಿದು, ಹೊಲದ ದಾರಿ ಕೇಳಿಕೊಂಡು ಹೋದೆ. ಬೆಳಗಿನ ಬಿಸಿಲು ಚುರುಕಾಗಿತ್ತು. ದೂರದಿಂದಲೇ ಹೊಸ ಮಣ್ಣಿನ ಗುಡ್ಡೆ ಕಂಡಿತು. ಮೂವರು ಒಳಗೆ, ಮೂವರು ಮೇಲೆ. ಹಗ್ಗದಲ್ಲಿ ಬುಟ್ಟಿ ಮೇಲೆ ಬರುತ್ತಿತ್ತು, ಬುಟ್ಟಿ ಬಂದಾಗಲೆಲ್ಲ ಕಾಕಾ ಬಗ್ಗಿ ಮಣ್ಣನ್ನು ಕೈಯಿಂದ ಕೆದರಿ ನೋಡುತ್ತಿದ್ದರು. ಮಣ್ಣಿನ ಗುಡ್ಡೆಯ ಪಕ್ಕದಲ್ಲಿ ಒಬ್ಬ ಹೆಂಗಸು ಮೊಣಕಾಲು ಕಟ್ಟಿಕೊಂಡು ಕುಳಿತಿದ್ದಳು. ಹಣೆಯ ಮೇಲೆ ದೊಡ್ಡ ಕುಂಕುಮ.

ಕಾಕಾರನ್ನು ಬೇವಿನ ಮರದ ಕಡೆ ಕರೆದೆ. ಅವರು ಕದಲಲಿಲ್ಲ. "ಇಲ್ಲೇ ಹೇಳು. ಆಕಿನೂ ಕೇಳ್ಲಿ."

"ಆ ಕಾರ್ಡ ನಾ ಬರದಿರಬೇಕ್ರಿ ಕಾಕಾ."

"ಬರದಿರಬೇಕು ಅಂದ್ರ?"

ಎಲ್ಲ ಹೇಳಿದೆ. ಡಬ್ಬಿ, ಚೀಟಿ, ಎಡಗೈ, ಹಾವೇರಿ ಸ್ಟೇಶನ್ನು. ಆಳುಗಳು ಹಗ್ಗ ಹಿಡಿದು ನಿಂತುಬಿಟ್ಟರು.

"ಇವನ ಚೀಟಿ ಕೈಗೆ ಬಂದಿತ್ತೇನು?"

"ಬಂದಂಗ ನೆನಪೈತ್ರಿ."

"ಬರದಿ?"

"ಒಮ್ಮೆ ಬರದೇನಿ ಅನಸ್ತೈತ್ರಿ. ಒಮ್ಮೆ, ಬ್ಯಾಡ ಅಂತ ಹೊಳ್ಳಿ ಡಬ್ಬ್ಯಾಗ ಇಟ್ಟೇನಿ ಅನಸ್ತೈತಿ."

ಎರಡೂ ನೆನಪು ಒಂದೇ ಸಮ ಸ್ಪಷ್ಟವಾಗಿದ್ದವು, ಈಗಲೂ ಇವೆ. ಎರಡರಲ್ಲೂ ಕಿಟಕಿಯಿಂದ ಬೀಳುವ ಬಿಸಿಲು ಒಂದೇ, ಕೆಳಗಿನ ಹೆಂಗಸರ ಮಾತಿನ ಸದ್ದು ಒಂದೇ. ಒಂದನ್ನಾದರೂ ನಾನು ಆಮೇಲೆ ಕಟ್ಟಿಕೊಂಡಿರಬೇಕು.

ಆ ಹೆಂಗಸು ಮೊದಲ ಸಲ ಮಾತಾಡಿದಳು. "ಬಾವಿ ಮುಚ್ಚಿದ್ದು ನಿನಗ ಹೆಂಗ ಗೊತ್ತಿತ್ತಪಾ?"

"ಗೊತ್ತಿತ್ತುರಿ, ಕಾಕಾ ಹೇಳಿದ್ರು. ಆದ್ರ ಅದನ್ನ ನೆನಸಿ ಬರದಿಲ್ರಿ. ಬ್ಯಾರೇದವರ ಕಾರ್ಡ ನೋಡಿ ಬರದೇನಿ."

"ಯಾರ ಕಾರ್ಡ?"

"ನೆನಪಿಲ್ರಿ."

ಕಾಕಾ ನನ್ನ ಮುಖದ ಹತ್ತಿರ ಮುಖ ತಂದು ನೋಡಿದರು. ಸಿಟ್ಟು ಇರಲಿಲ್ಲ. ಒಂದು ಯಾದಿಯನ್ನು ನಂಬಬೇಕೋ ಬೇಡವೋ ಎಂದು ನೋಡುವ ಅದೇ ನೋಟ. "ಖರೇನ ಗೊತ್ತಿಲ್ಲ?"

"ಖರೇನ ಗೊತ್ತಿಲ್ರಿ."

ಅವರು ಆಳುಗಳ ಕಡೆ ತಿರುಗಿದರು. "ಅಗೀರಿ."

ಅಲ್ಲಿ ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ನಾನೇ ಬರೆದೆ, ಖಂಡಿತ ಬರೆದೆ ಎಂದಿದ್ದರೆ ಹಗ್ಗ ಸುತ್ತಿಟ್ಟು ಎಲ್ಲರೂ ಮನೆಗೆ ಹೋಗುತ್ತಿದ್ದರು. ಎಡಗೈಯಿಂದ ಅಷ್ಟೊಂದು ಸುಳ್ಳು ಬರೆದವನಿಗೆ ಆ ಒಂದು ಸುಳ್ಳು ಬಾಯಿಗೆ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಣ್ಣಿನ ಬಣ್ಣ ಬದಲಾಯಿತು. ಕೆಂಪು ಹೋಗಿ ಕಪ್ಪು ಬಂತು, ತೇವ ಬಂತು, ಹಳೆಯ ನೀರಿನ ವಾಸನೆ ಬಂತು. ಸುತ್ತಲಿನ ಹೊಲಗಳಲ್ಲಿ ಬೋರು ಬಿದ್ದ ಮೇಲೆ ಸೆಲೆ ಬತ್ತಿತ್ತು, ನೀರು ಬರಲಿಲ್ಲ. ಒಳಗಿನಿಂದ ಒಬ್ಬ ಕೂಗಿದ: "ಹೂಳು ಹತ್ತಿತ್ರೀ! ಇನ್ನ ಎರಡ ಆಳಿನಷ್ಟು ಆಳ ಇರಬೇಕು ತಳ." ಮೊದಲ ಹೂಳಿನ ಬುಟ್ಟಿ ಮೇಲೆ ಬಂತು. ಕಾಕಾ ಅದಕ್ಕೆ ಕೈ ಹಾಕುವಷ್ಟರಲ್ಲಿ ಅವಳು ಎದ್ದು ಬಂದು ಬುಟ್ಟಿಯ ಮೇಲೆ ತನ್ನ ಕೈ ಅಡ್ಡ ಹಿಡಿದಳು.

"ಸಾಕು ಭಾವಾರ. ನಿಲ್ಲಸ್ರಿ."

"ಎರಡ ಆಳು ಐತಂತವ್ವಾ. ಸಂಜೀ ತನಕ ಮುಗೀತೈತಿ."

"ಅದಕ್ಕ ನಿಲ್ಲಸ್ರಿ ಅಂದೆ. ಇಷ್ಟು ವರ್ಷ ಹೆಂಗಿದ್ನೋ ಹಂಗ ಇರ್ತೀನಿ. ನನ್ನ ಹಣೀ ಮ್ಯಾಲಿಂದನ್ನ ನೀವು ಬುಟ್ಟ್ಯಾಗ ತುಂಬಿ ಮ್ಯಾಲೆ ತರಬ್ಯಾಡ್ರಿ."

"ನನಗ ಗೊತ್ತಾಗಬೇಕಲ್ಲವ್ವಾ."

"ನಿಮಗ ಗೊತ್ತಾಗಬೇಕು. ನನಗ ಬ್ಯಾಡಾಗೈತಿ. ನಾ ಸತ್ತ ಮ್ಯಾಲೆ ಅಗಸ್ರಿ."

ಕಾಕಾ ಬುಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಎಷ್ಟೋ ಹೊತ್ತು ಕುಳಿತಿದ್ದರು. ಅವರ ಕೈ ಬುಟ್ಟಿಯಿಂದ ಒಂದು ಗೇಣು ದೂರ ಗಾಳಿಯಲ್ಲಿ ನಿಂತಿತ್ತು. ಮೊದಲ ಸಲ ಅವಳನ್ನು ಕೇಳದೆ ಬಾವಿ ಮುಚ್ಚಿಸಿದ್ದವರು ಅವರು. ಅದನ್ನು ಅವರು ನೆನೆಯುತ್ತಿದ್ದರೋ ಏನೋ, ಹಾಗೆಂದು ನಾನು ಈಗ ಬರೆಯುತ್ತಿದ್ದೇನೆ. ಕೊನೆಗೆ ಆಳೊಬ್ಬ, "ಏನು ಮಾಡೂಣ್ರಿ ಯಜಮಾನ್ರ?" ಎಂದ.

"ಮ್ಯಾಲೆ ಬರ್ರಿ," ಎಂದರು. "ಮುಚ್ಚರಿ."

ಮರುವಾರ ಗಾಡಿಯಲ್ಲಿ ಯಾರೋ ಸೀನಿದರು. ಕಾಕಾ ಬಂದು ನನ್ನ ಪಕ್ಕದಲ್ಲೇ ಕುಳಿತರು. ಸಾವ್ಕಾರರಿಗೆ ಏನೂ ಹೇಳಿರಲಿಲ್ಲ, ಎಂದೂ ಹೇಳಲಿಲ್ಲ. ಆಫೀಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಮುಂದಿನ ಯಾದಿ ಶುರು ಮಾಡಿದರು. ನಾನು ಓದುತ್ತಿದ್ದೆ. ನಡುವೆ ತಡೆದು ತಮ್ಮನ ಹೆಸರು ಹೇಳಿ, "ಹಾಕು" ಎಂದರು.

"ಯಾವ ವಿಳಾಸ್ರಿ?"

"ಮನೀದ ಹಾಕು. ಅಲ್ಲೇ ಅದಾನ ಅಂತ ತಿಳಕೋ."

ನಾನಿದ್ದಷ್ಟು ವರ್ಷವೂ ಆ ಹೆಸರಿಗೆ ಕಾಗದ ಹೋಯಿತು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಅಂಚೆ ತಾನಾಗಿಯೇ ನಿಂತಿತು. ನಾನು ಹಾವೇರಿಯಲ್ಲೇ ಬೇರೆ ಕೆಲಸ ಹಿಡಿದೆ. ಬಿಡುವ ಮೊದಲು ಒಂದು ದಿನ ಆ ವರ್ಷದ ಕಾರ್ಡುಗಳ ಕಟ್ಟನ್ನು ಹುಡುಕಿ ತೆಗೆದು, ನಾನು ಯಾರದ್ದನ್ನು ನೋಡಿ ಬರೆದಿರಬಹುದು ಎಂದು ಒಂದೊಂದಾಗಿ ನೋಡಿದೆ. ಬಾವಿ ಬತ್ತಿದೆ ಎಂದು ಬರೆದವರಿದ್ದರು, ಬೋರ್ ಇದೆ ಎಂದು ಬರೆದವರಿದ್ದರು. ಮುಚ್ಚಿದೆ ಎಂದು ಬರೆದ ಕಾರ್ಡು ಒಂದೂ ಸಿಗಲಿಲ್ಲ. ಆದರೆ ಕಟ್ಟು ಪೂರ್ತಿಯಾಗಿರಲಿಲ್ಲ. ತಳದ ಕಾರ್ಡುಗಳನ್ನು ಇಲಿ ತಿಂದಿತ್ತು. ತಮ್ಮನ ಕಾರ್ಡು ಕಾಕಾರ ಹತ್ತಿರವೇ ಉಳಿದಿತ್ತು.

ಕಾಕಾರನ್ನು ಮಣ್ಣು ಮಾಡುವಾಗ ನಾನು ಹೋಗಲಿಲ್ಲ. ತಮ್ಮನ ಹೆಂಡತಿ ಅಲ್ಲಿ ಇರುತ್ತಾಳೆ, ಇನ್ನೊಮ್ಮೆ ಕೇಳುತ್ತಾಳೆ ಎಂದು ಹೆದರಿದೆ. ಕೇಳಿದ್ದರೆ ಉತ್ತರ ಇದೇ ಇರುತ್ತಿತ್ತು. ಆ ಕಾರ್ಡು ಬರೆದದ್ದು ನಾನೋ ಅಲ್ಲವೋ ನನಗೆ ಗೊತ್ತಿಲ್ಲ. ಬಾವಿಯ ತಳದ ಆ ಎರಡಾಳು ಆಳದ ಹೂಳಿನಲ್ಲಿ ಏನಾದರೂ ಇದೆಯೋ ಇಲ್ಲವೋ, ಅದೂ ಗೊತ್ತಿಲ್ಲ.